ರಿವಾಲ್ವರಿನ ಕೋಲ್ಟ್

1830ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ಬಂದರಿನಿಂದ ‘ಕಾರ್ವೋ’ ಎಂಬ ಹಾಯಿಹಡಗೊಂದು ಕಲ್ಕತ್ತೆಗೆ ಹೊರಟಿತು. ಅದರ ಆಳುಗಳಲ್ಲಿ ಹದಿನಾರು ವರ್ಷದ ಹುಡುಗನೊಬ್ಬನಿದ್ದನು. ಶಾಲೆಯಲ್ಲಿ ಸಿಡಿಮದ್ದಿನ ಆಟವಾಡಿ, ಅಲ್ಲಿ ನಿಲ್ಲಲಾಗದೆ ಹೊರಬಿದ್ದವನು. ಸಮುದ್ರದ ಕಷ್ಟವನ್ನು ಉಂಡರೆ ಮಗನಿಗೆ ಒಂದು ವೃತ್ತಿಯೂ ಆದೀತು, ಬುದ್ಧಿಯೂ ಬಂದೀತು ಎಂದು ತಂದೆ ಅವನನ್ನು ಹಡಗು ಹತ್ತಿಸಿದ್ದನು. ತಿಂಗಳುಗಟ್ಟಲೆ ನೀರಲ್ಲದೆ ಬೇರೇನೂ ಕಾಣದ ಆ ಪಯಣದಲ್ಲಿ, ಬಿಡುವಾದಾಗಲೆಲ್ಲ ಹುಡುಗನು ಚಾಕು ಹಿಡಿದು ಮರದ ತುಂಡೊಂದನ್ನು ಕೆತ್ತುತ್ತ ಕುಳಿತಿರುತ್ತಿದ್ದನು. ಹಡಗಿನ ಚುಕ್ಕಾಣಿಯ ಚಕ್ರವನ್ನು ಎತ್ತ ತಿರುಗಿಸಿದರೂ ಅದರ ಒಂದೊಂದು ಕಾಲೂ ಹಿಡಿಕೆಯ ಎದುರಿಗೇ ಬಂದು ನಿಲ್ಲುವುದನ್ನು ಕಂಡು ಅವನಿಗೆ ಯುಕ್ತಿ ಹೊಳೆಯಿತೆಂದು ಒಂದು ಕಥೆ. ಅಲ್ಲ, ಲಂಗರು ಎಳೆಯುವ ರಾಟೆಯನ್ನು ಕಂಡು ಹೊಳೆಯಿತೆಂದು ಇನ್ನೊಂದು. ಏನೇ ಇರಲಿ, ಅವನು ಕೆತ್ತಿದ ಮರದ ಮಾದರಿ ಸುಳ್ಳಲ್ಲ. ಹುಡುಗನ ಹೆಸರು ಸ್ಯಾಮ್ಯುಯೆಲ್ ಕೋಲ್ಟ್.

ಕನೆಕ್ಟಿಕಟ್ ಪ್ರಾಂತದ ಹಾರ್ಟ್‌ಫರ್ಡ್ ನಗರದಲ್ಲಿ 1814ರ ಜುಲೈ 19ರಂದು ಹುಟ್ಟಿದ ಕೋಲ್ಟನ ಬಾಲ್ಯ ಸುಖದ್ದಲ್ಲ. ಅವನಿಗೆ ಏಳು ತುಂಬುವ ವೇಳೆಗೇ ತಾಯಿ ಕ್ಷಯಕ್ಕೆ ತುತ್ತಾದಳು. ಅಕ್ಕತಂಗಿಯರಲ್ಲಿ ಒಬ್ಬಳು ಎಳವೆಯಲ್ಲೇ ಹೋದಳು. ಒಬ್ಬಳನ್ನು ತಾಯಿಯನ್ನು ಕೊಂಡೊಯ್ದ ರೋಗವೇ ಕೊಂಡೊಯ್ದಿತು. ಮತ್ತೊಬ್ಬಳು ತಾನಾಗಿಯೇ ಪ್ರಾಣ ಕಳೆದುಕೊಂಡಳು. ತಂದೆ ಕ್ರಿಸ್ಟಫರ್ ಕೋಲ್ಟನ ವ್ಯಾಪಾರ ಏರುತ್ತ ಇಳಿಯುತ್ತ ಇದ್ದಿತು. ಹನ್ನೊಂದನೆಯ ವಯಸ್ಸಿಗೇ ಹುಡುಗನನ್ನು ಗ್ಲಾಸ್ಟನ್‌ಬರಿಯ ಒಂದು ಹೊಲಮನೆಗೆ ಕೆಲಸಕ್ಕೆ ಬಿಟ್ಟರು. ತಾಯಿಯ ತಂದೆ ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ದುಡಿದ ಸೈನ್ಯಾಧಿಕಾರಿ. ಆ ಅಜ್ಜನ ಹಳೆಯ ಚಕಮಕಿ ಪಿಸ್ತೂಲು ಮೊಮ್ಮಗನ ಪಾಲಿಗೆ ಬಂದಿತ್ತು. ತಾಯಿಯಿಲ್ಲದ ಹುಡುಗನಿಗೆ ಅದೇ ಆಟಿಕೆ, ಅದೇ ಆಸ್ತಿ.

ಹದಿನೈದನೆಯ ವರ್ಷದಲ್ಲಿ ವೇರ್ ಎಂಬ ಊರಿನ ತಂದೆಯ ಬಟ್ಟೆಗಿರಣಿಯಲ್ಲಿ ಅವನು ಕೆಲಸಕ್ಕೆ ನಿಂತನು. 1829ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದು, ಊರ ಕೊಳದಲ್ಲಿ ತೆಪ್ಪವೊಂದನ್ನು ನೀರಿನೊಳಗಿಂದಲೇ ಮುಗಿಲಿಗೆ ಹಾರಿಸುವುದಾಗಿ ಅವನು ಕರಪತ್ರ ಹಂಚಿದನು. ಹಬ್ಬದ ಉಡುಪು ತೊಟ್ಟು ಜನ ದಡದಲ್ಲಿ ನೆರೆದರು. ಮದ್ದೇನೋ ಸಿಡಿಯಿತು. ತೆಪ್ಪಕ್ಕೆ ಏನೂ ಆಗಲಿಲ್ಲ. ಕೊಳದ ಕೆಸರುನೀರೆಲ್ಲ ಎದ್ದು ನೆರೆದವರ ಮೈಮೇಲೆ ಸುರಿಯಿತು. ಸಿಟ್ಟಿಗೆದ್ದ ಜನರ ಕೈಗೆ ಸಿಕ್ಕಬೇಕಾಗಿದ್ದ ಹುಡುಗನನ್ನು ಅಡ್ಡ ಬಂದು ಕಾಪಾಡಿದವನು ಎಲಿಷಾ ರೂಟ್ ಎಂಬ ತರುಣ ಯಂತ್ರಕರ್ಮಿಯೆಂದು ಹೇಳುತ್ತಾರೆ. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಇಪ್ಪತ್ತು ವರ್ಷಗಳ ತರುವಾಯ ಇದೇ ರೂಟ್ ಕೋಲ್ಟನ ಬಲಗೈಯಾಗಿ ನಿಂತನು.

ಒಂದು ನಳಿಗೆಯಿಂದ ಒಂದೇ ಗುಂಡು ಎಂಬುದು ಅಲ್ಲಿಯವರೆಗಿನ ನಿಯಮ. ನಮ್ಮ ಮಲೆನಾಡಿನ, ಕೊಡಗಿನ ಹಳೆಯ ಮನೆಗಳಲ್ಲಿ ಕೇಪಿನ ಕೋವಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು, ಗುಂಡು ಹಾಕಬೇಕು, ಗಜದಿಂದ ಜಡಿಯಬೇಕು, ಕೇಪು ಇಡಬೇಕು; ಆಮೇಲೆ ಈಡು. ಗುರಿ ತಪ್ಪಿತೋ, ಮತ್ತೆ ಮೊದಲಿನಿಂದ. ಹುಲಿಯಾಗಲಿ ಹಗೆಯಾಗಲಿ ಅಷ್ಟು ಹೊತ್ತು ಕಾದು ನಿಲ್ಲುವುದಿಲ್ಲ.

ಈ ತೊಡಕಿಗೆ ಪರಿಹಾರ ಹುಡುಕಿದವರಲ್ಲಿ ಕೋಲ್ಟ್ ಮೊದಲಿಗನಲ್ಲ. ಲಂಡನ್ನಿನ ಜೇಮ್ಸ್ ಪಕಲ್ ಎಂಬ ವಕೀಲನು 1718ರಲ್ಲಿಯೇ ತಿರುಗುವ ಕೊಠಡಿಗಳ ಒಂದು ತುಪಾಕಿಗೆ ಸನ್ನದು ಪಡೆದಿದ್ದನು. ಕ್ರೈಸ್ತರ ಮೇಲೆ ಹಾರಿಸಲು ದುಂಡು ಗುಂಡು, ತುರ್ಕರ ಮೇಲೆ ಹಾರಿಸಲು ಚೌಕ ಗುಂಡು ಎಂದು ಆ ಧರ್ಮಾತ್ಮನು ಬೇರೆ ಬೇರೆ ಏರ್ಪಾಡು ಮಾಡಿದ್ದನಂತೆ! ನಮ್ಮ ದೇಶದಲ್ಲೂ ತಿರುಗುವ ಕೊಠಡಿಗಳುಳ್ಳ ಹಳೆಯ ಬತ್ತಿಕೋವಿಗಳು ಇದ್ದವು. 1818ರಲ್ಲಿ ಬಾಸ್ಟನ್ನಿನ ಎಲಿಷಾ ಕಾಲಿಯರ್ ಎಂಬವನು ಚಕಮಕಿಯಿಂದ ಹೊತ್ತುವ ರಿವಾಲ್ವರಿಗೆ ಲಂಡನ್ನಿನಲ್ಲಿ ಸನ್ನದು ಪಡೆದನು. ಆ ಜಾತಿಯ ಕೆಲವು ಪಿಸ್ತೂಲುಗಳು ಭಾರತಕ್ಕೂ ಬಂದಿದ್ದವು. ಕಲ್ಕತ್ತೆಯಲ್ಲಿ ಇಳಿದಾಗ ಕೋಲ್ಟ್ ಅದನ್ನೇ ಕಂಡಿರಬೇಕೆಂದು ಸಂಶಯಪಡುವವರುಂಟು. ತಾನು ಯಾವುದನ್ನೂ ಕಂಡಿರಲಿಲ್ಲವೆಂದು ಅವನು ಕೊನೆಯವರೆಗೂ ಹೇಳಿದನು.

ಹಾಗಾದರೆ ಅವನದೆಂದು ಹೇಳಬಹುದಾದುದೇನು? ಹಿಂದಿನವರ ಉರುಳೆಯನ್ನು ಪ್ರತಿ ಈಡಿಗೂ ಕೈಯಿಂದ ತಿರುಗಿಸಬೇಕಾಗಿತ್ತು. ಕೋಲ್ಟನ ಪಿಸ್ತೂಲಿನಲ್ಲಿ ಹಿಂದಿನ ಕುದುರೆಯನ್ನು ಹೆಬ್ಬೆರಳಿನಿಂದ ಎಳೆದರೆ ಸಾಕು. ಒಳಗಿನ ಒಂದು ಕೊಕ್ಕೆ ಉರುಳೆಯ ಬೆನ್ನಿನ ಹಲ್ಲುಗಳಲ್ಲಿ ಒಂದನ್ನು ತಳ್ಳಿ ಮುಂದಿನ ಕುಳಿಯನ್ನು ನಳಿಗೆಯ ನೇರಕ್ಕೆ ತರುತ್ತದೆ. ಇನ್ನೊಂದು ಅಗುಳಿ ಉರುಳೆಯ ಅಂಚಿನ ಗುಳಿಯೊಳಗೆ ಬಿದ್ದು ಅದನ್ನು ಅಲುಗದಂತೆ ಹಿಡಿಯುತ್ತದೆ. ಕುಳಿಗೂ ನಳಿಗೆಗೂ ಕೂದಲೆಳೆಯಷ್ಟು ಓರೆಯಾದರೂ ಅಪಾಯ ಹಾರಿಸುವವನಿಗೇ. ಆದುದರಿಂದ ಈ ಅಗುಳಿಯೇ ಇಡೀ ಯಂತ್ರದ ಪ್ರಾಣ. ಕಾಲವೂ ಅವನಿಗೆ ಅನುಕೂಲವಾಗಿತ್ತು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತನು 1807ರಲ್ಲಿ ಸನ್ನದು ಪಡೆದ ಬಡಿತದಿಂದ ಹೊತ್ತುವ ಮದ್ದು, ಮುಂದೆ ತಾಮ್ರದ ಕೇಪಿನ ರೂಪ ತಾಳಿ ಆ ವೇಳೆಗೆ ಬಳಕೆಗೆ ಬಂದಿತ್ತು. ಚಕಮಕಿ ಕಲ್ಲನ್ನೂ ಕಿವಿಮದ್ದನ್ನೂ ನಂಬಿಕೊಂಡು ಐದಾರು ಕುಳಿಗಳ ಉರುಳೆಯನ್ನು ತಿರುಗಿಸುವ ಕಷ್ಟ ಕೋಲ್ಟನಿಗೆ ಉಳಿಯಲಿಲ್ಲ.

1831ರಲ್ಲಿ ಹಿಂದಿರುಗಿದ ಮಗನ ಮರದ ಮಾದರಿಯನ್ನು ನೋಡಿ ತಂದೆ ಒಂದು ಪಿಸ್ತೂಲಿಗೂ ಒಂದು ಕೋವಿಗೂ ಹಣ ಕೊಟ್ಟನು. ಪಿಸ್ತೂಲು ಮೊದಲ ಈಡಿಗೇ ಸಿಡಿದು ಚೂರಾಯಿತು. ತಂದೆಯ ಕೈ ಬಿಗಿಯಾಯಿತು. ಇನ್ನು ಹಣ ಎಲ್ಲಿಂದ? ಇಲ್ಲಿಂದ ಮುಂದಿನ ಮೂರು ವರ್ಷಗಳ ಕಥೆ ನಮ್ಮ ಜಾತ್ರೆಗಳ ದೊಂಬರಾಟವನ್ನು ನೆನಪಿಗೆ ತರುತ್ತದೆ. ಗಿರಣಿಯ ರಸಾಯನಶಾಸ್ತ್ರಜ್ಞನೊಬ್ಬನಿಂದ ನಗೆಯನಿಲವನ್ನು ತಯಾರಿಸುವುದನ್ನು ಕಲಿತಿದ್ದ ಕೋಲ್ಟ್, ತಳ್ಳುಗಾಡಿಯೊಂದಿಗೆ ಊರೂರು ತಿರುಗಿ, ಜನಕ್ಕೆ ಅದನ್ನು ಮೂಸಿಸಿ, ಅವರು ನಗುವುದನ್ನೂ ಕುಣಿಯುವುದನ್ನೂ ಉಳಿದವರಿಗೆ ತೋರಿಸಿ ಕಾಸು ಕೂಡಿಸಿದನು. ಹೆಸರಿನ ಕಾಗುಣಿತವನ್ನು ಕೊಂಚ ಬದಲಿಸಿಕೊಂಡು, ನ್ಯೂಯಾರ್ಕ್, ಲಂಡನ್ ಮತ್ತು ಕಲ್ಕತ್ತೆಗಳ ಪ್ರಖ್ಯಾತ ಡಾಕ್ಟರ್ ಎಂದು ತನ್ನನ್ನು ಜಾಹೀರು ಮಾಡಿಕೊಂಡನು. ಹಡಗಿನ ಆಳಾಗಿ ಕಂಡುಬಂದ ಕಲ್ಕತ್ತೆ ಹೀಗೆ ಅವನ ಬಿರುದಾವಳಿಗೆ ಒದಗಿತು. ಗಳಿಸಿದ ಹಣವೆಲ್ಲ ಬಾಲ್ಟಿಮೋರಿನ ಜಾನ್ ಪಿಯರ್ಸನ್ ಮೊದಲಾದ ಕುಶಲಿಗಳಿಗೆ ಹೋಗುತ್ತಿತ್ತು. ಆ ಪಿಯರ್ಸನ್ನನಿಗೆ ಕೂಲಿ ಸಕಾಲಕ್ಕೆ ಸಲ್ಲುತ್ತಿರಲಿಲ್ಲವೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಯಂತ್ರಕ್ಕೆ ಹೆಸರು ಅಂಟುವುದು ಒಬ್ಬನದು, ಅದನ್ನು ಅರದಿಂದ ಉಜ್ಜಿ ಉಜ್ಜಿ ನಡೆಯುವಂತೆ ಮಾಡಿದ ಕೈ ಬೇರೊಬ್ಬನದು.

ಇಂಗ್ಲೆಂಡಿನ ಸನ್ನದು 1835ರಲ್ಲಿ, ಅಮೆರಿಕದ್ದು 1836ರ ಫೆಬ್ರವರಿ 25ರಂದು ದೊರೆತವು. ನ್ಯೂಜೆರ್ಸಿಯ ಪ್ಯಾಟರ್ಸನ್ ಎಂಬಲ್ಲಿ ಸೋದರಸಂಬಂಧಿ ಡಡ್ಲಿ ಸೆಲ್ಡನ್ ಮೊದಲಾದವರ ಬಂಡವಾಳದಿಂದ ಕಾರ್ಖಾನೆ ಎದ್ದಿತು. ಐದು ಗುಂಡಿನ ಪಿಸ್ತೂಲುಗಳು, ಉರುಳೆಯ ಕೋವಿಗಳು ಹೊರಬಂದವು. ಆದರೆ 1837ರಲ್ಲಿ ಸೇನೆಯ ಪರೀಕ್ಷಕರು ಇದು ಸಿಪಾಯಿಯ ಕೈಗೆ ತಕ್ಕುದಲ್ಲವೆಂದು ತಳ್ಳಿಹಾಕಿದರು. ಅದೇ ವರ್ಷ ದೇಶದ ಬ್ಯಾಂಕುಗಳು ಮುಗ್ಗರಿಸಿದವು. ಕೋಲ್ಟ್ ಎದೆಗುಂದದೆ ಫ್ಲಾರಿಡಾದ ಜೌಗು ಕಾಡುಗಳಿಗೆ ತಾನೇ ಹೋಗಿ, ಅಲ್ಲಿ ಸೆಮಿನೋಲ್ ಮೂಲನಿವಾಸಿಗಳೊಡನೆ ಕಾದುತ್ತಿದ್ದ ಸೈನ್ಯಕ್ಕೆ ಐವತ್ತು ಕೋವಿಗಳನ್ನು ಮಾರಿ ಬಂದನು. ಐವತ್ತರಿಂದ ಕಾರ್ಖಾನೆ ನಡೆಯುವುದಿಲ್ಲ. ಅಧಿಕಾರಿಗಳನ್ನು ಒಲಿಸಲು ಅವನು ಇಡುತ್ತಿದ್ದ ಔತಣಗಳ ಲೆಕ್ಕ ಕಂಡು ಸೆಲ್ಡನ್ ಕೆರಳಿದ್ದನು. 1842ರಲ್ಲಿ ಬಾಗಿಲು ಮುಚ್ಚಿತು.

ಆ ವರ್ಷ ಅವನ ಪಾಲಿಗೆ ಬೇರೆ ರೀತಿಯಲ್ಲೂ ಕರಾಳವಾಗಿತ್ತು. ಅಣ್ಣ ಜಾನ್ ಕೋಲ್ಟ್ ಜಮಾಖರ್ಚಿನ ವಿದ್ಯೆಯ ಮೇಲೆ ಪಠ್ಯಪುಸ್ತಕ ಬರೆದವನು. ಆ ಪುಸ್ತಕದ ಅಚ್ಚಿನ ಬಾಕಿಯ ಲೆಕ್ಕದಲ್ಲಿ ವ್ಯತ್ಯಾಸ ಬಂದು, 1841ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ತನ್ನ ಕೊಠಡಿಯಲ್ಲಿ ಮುದ್ರಕ ಸ್ಯಾಮ್ಯುಯೆಲ್ ಆಡಮ್ಸನನ್ನು ಕೈಗೊಡಲಿಯಿಂದ ಕೊಂದನು. ಹೆಣವನ್ನು ಪೆಟ್ಟಿಗೆಯಲ್ಲಿ ತುಂಬಿ ಹಡಗಿಗೆ ಹಾಕಿಸಿದನು. ಪೆಟ್ಟಿಗೆ ದೊರೆಯಿತು. ವಿಚಾರಣೆಯಲ್ಲಿ, ಕೊಂದದ್ದು ಕೊಡಲಿಯಿಂದಲ್ಲ, ತಮ್ಮನ ಪಿಸ್ತೂಲಿನಿಂದ, ಬರಿಯ ಕೇಪಿನ ಬಲದಿಂದ ಸದ್ದಿಲ್ಲದೆ ಹಾರಿಸಿದ ಗುಂಡಿನಿಂದ ಎಂದು ಸರಕಾರದ ಪಕ್ಷ ವಾದಿಸಿತು. ಸ್ಯಾಮ್ಯುಯೆಲ್ ಕೋಲ್ಟ್ ನ್ಯಾಯಾಲಯದಲ್ಲಿ ನಿಂತು ತನ್ನ ಪಿಸ್ತೂಲನ್ನು ಹಾಗೆಯೇ ಹಾರಿಸಿ, ಅದರಿಂದ ಅಂಥ ಗಾಯ ಆಗಲಾರದೆಂದು ತೋರಿಸಬೇಕಾಯಿತು. ತನ್ನ ಆಯುಧದ ಬಲಹೀನತೆಯನ್ನು ಅವನು ಬಾಯಿಬಿಟ್ಟು ಹೊಗಳಿದ್ದು ಬಹುಶಃ ಅದೊಂದೇ ಸಲ. ಪ್ರಯೋಜನವಾಗಲಿಲ್ಲ. ಗಲ್ಲಿಗೆ ಗೊತ್ತಾದ 1842ರ ನವೆಂಬರ್ 18ರಂದು ಜಾನ್ ತನ್ನೊಡನಿದ್ದ ಕ್ಯಾರೊಲಿನ್ ಹೆನ್‌ಷಾಳನ್ನು ಸೆರೆಕೋಣೆಯಲ್ಲೇ ಮದುವೆಯಾದನು. ಕೆಲವು ಗಂಟೆಗಳಲ್ಲಿ ಎದೆಗೆ ಚೂರಿ ಚುಚ್ಚಿಕೊಂಡು ಸತ್ತುಬಿದ್ದಿದ್ದನು. ಆ ಹೆಂಗಸಿನ ಕೂಸನ್ನು ಸ್ಯಾಮ್ಯುಯೆಲ್ ತನ್ನ ಹೆಸರಿಟ್ಟು ಸಾಕಿದನು, ಉಯಿಲಿನಲ್ಲಿ ದೊಡ್ಡ ಪಾಲನ್ನೂ ಕೊಟ್ಟನು. ಮಗು ನಿಜವಾಗಿ ಯಾರದೆಂದು ಜನ ಪಿಸುಗುಟ್ಟಿದರು. ಈ ಕೊಲೆಯ ನೆನಪು ಸಾಹಿತ್ಯಕ್ಕೂ ದಾಟಿದೆ. ಹರ್ಮನ್ ಮೆಲ್ವಿಲ್ಲನ ‘ಬಾರ್ಟಲ್ಬಿ’ಯನ್ನು ಓದಿದವರಿಗೆ, ಕಥೆ ಹೇಳುವ ವಕೀಲನು ತನ್ನ ಸಿಟ್ಟನ್ನು ನುಂಗಿಕೊಳ್ಳುವ ಗಳಿಗೆಯಲ್ಲಿ ಕೋಲ್ಟ್ ಮತ್ತು ಆಡಮ್ಸರನ್ನು ನೆನೆಯುವುದು ನೆನಪಿರಬಹುದು.

ಮಧ್ಯೆ ಕೆಲಕಾಲ ಕೋಲ್ಟ್ ಬಂದರುಗಳ ರಕ್ಷಣೆಗಾಗಿ ವಿದ್ಯುತ್ತಿನಿಂದ ಸಿಡಿಸುವ ನೀರಡಿಯ ಮದ್ದಿನಲ್ಲಿ ತೊಡಗಿದನು. 1844ರಲ್ಲಿ ವಾಷಿಂಗ್ಟನ್ನಿನ ನದಿಯಲ್ಲಿ ಚಲಿಸುವ ಹಡಗೊಂದನ್ನು ನೆರೆದವರ ಕಣ್ಣೆದುರೇ ಒಡೆದು ತೋರಿಸಿದನು. ವೇರ್ ಊರಿನ ಕೊಳದ ಹುಡುಗ ಹದಿನೈದು ವರ್ಷಗಳಲ್ಲಿ ಇಷ್ಟು ಕಲಿತಿದ್ದನು. ಸರಕಾರ ಮೆಚ್ಚಿತು, ಕೊಳ್ಳಲಿಲ್ಲ.

ಅವನ ಅದೃಷ್ಟ ತಿರುಗುತ್ತಿದ್ದುದು ಅವನಿಗೆ ಕಾಣದ ದೂರದಲ್ಲಿ. ಆಗ ಸ್ವತಂತ್ರ ಗಣರಾಜ್ಯವಾಗಿದ್ದ ಟೆಕ್ಸಾಸಿನ ನೌಕಾಪಡೆ 1839ರಲ್ಲಿ ಪ್ಯಾಟರ್ಸನ್ನಿನ 180 ಪಿಸ್ತೂಲುಗಳನ್ನು ಕೊಂಡಿತ್ತು. ಕಾಲಕ್ರಮದಲ್ಲಿ ಅವು ರೇಂಜರುಗಳೆಂಬ ಸವಾರರ ಕೈಸೇರಿದವು. ಅಲ್ಲಿಯವರೆಗೆ ಬಿಳಿಯರು ಒಂದು ಈಡು ಹಾರಿಸಿ, ಕುದುರೆಯಿಂದಿಳಿದು ಮತ್ತೆ ಮದ್ದು ತುಂಬುವಷ್ಟರಲ್ಲಿ ಕಮಾಂಚಿ ಸವಾರನು ಬಾಣದ ಮಳೆ ಸುರಿಸಿ ಮರೆಯಾಗುತ್ತಿದ್ದನು. 1844ರ ಜೂನಿನಲ್ಲಿ ವಾಕರ್ಸ್ ಕ್ರೀಕ್ ಎಂಬ ಹಳ್ಳದ ಬಳಿ ಜಾನ್ ಹೇಸನ ಹದಿನೈದು ಮಂದಿಯ ತುಕಡಿ ನಾಲ್ಕೈದು ಪಾಲು ಹೆಚ್ಚಿದ್ದ ಕಮಾಂಚಿಗಳನ್ನು ಎದುರಿಸಿತು. ಈಡು ಮುಗಿಯಿತೆಂದು ಮೇಲೆ ಬಿದ್ದವರಿಗೆ ಈಡು ಮುಗಿದಿರಲಿಲ್ಲ. ಒಂದರ ಹಿಂದೆ ಒಂದಾಗಿ ಹಾರುತ್ತಲೇ ಇದ್ದ ಗುಂಡುಗಳೆದುರು, ತಲೆಮಾರುಗಳಿಂದ ಆ ಬಯಲನ್ನು ಆಳಿದ್ದವರು ಹೆಣಗಳನ್ನು ಬಿಟ್ಟು ಓಡಿದರು. ಅಮೆರಿಕದ ಗ್ರಂಥಗಳು ಇದನ್ನು ಶೌರ್ಯದ ಅಧ್ಯಾಯವಾಗಿ ಬಹುಕಾಲ ಬರೆದವು. ಆದರೆ ನೆಲ ಯಾರದಾಗಿತ್ತು, ಬಂದವರು ಯಾರು ಎಂದು ಕೇಳಿಕೊಂಡರೆ, ಅದೊಂದು ಜನಾಂಗದ ಬಾಳು ಮುಳುಗಿದ ಕಥೆಯೂ ಅಹುದು.

ಆ ಕಾಳಗದಲ್ಲಿ ಗಾಯಗೊಂಡು ಬದುಕಿ ಉಳಿದವನು ಸ್ಯಾಮ್ಯುಯೆಲ್ ವಾಕರ್. 1846ರಲ್ಲಿ ಮೆಕ್ಸಿಕೋ ಯುದ್ಧ ತೊಡಗಿದಾಗ ಈ ವಾಕರ್ ಸೇನೆಯ ಕ್ಯಾಪ್ಟನ್ನನಾಗಿ ಪೂರ್ವಕ್ಕೆ ಬಂದನು. ಕೋಲ್ಟನನ್ನು ಕಂಡು, ಪಿಸ್ತೂಲು ಹೇಗಿದ್ದರೆ ಚೆನ್ನು ಎಂಬುದನ್ನು ಬಳಸಿ ಬಲ್ಲವನ ಅಧಿಕಾರದಿಂದ ತಿಳಿಸಿದನು. ಗುಂಡು ಆರು, ಬಾಯಿ ದೊಡ್ಡದು, ತೂಕ ನಾಲ್ಕೂವರೆ ಪೌಂಡು. 1847ರ ಜನವರಿಯಲ್ಲಿ ಸರಕಾರ ಒಂದು ಸಾವಿರ ಪಿಸ್ತೂಲುಗಳನ್ನು ಕೇಳಿತು. ಕೋಲ್ಟನ ಬಳಿ ಕಾರ್ಖಾನೆಯಿರಲಿಲ್ಲ, ಹಣವಿರಲಿಲ್ಲ. ಮಾದರಿಗೆಂದು ತನ್ನದೇ ಒಂದು ಪಿಸ್ತೂಲು ಕೂಡ ಉಳಿದಿರಲಿಲ್ಲವೆಂದು ಹೇಳುತ್ತಾರೆ. ಹತ್ತಿಯಂತ್ರದಿಂದ ಹೆಸರಾದ ಎಲೈ ವಿಟ್ನಿಯ ಮಗನ ಕಾರ್ಖಾನೆಯಲ್ಲಿ ಅವನ್ನು ಮಾಡಿಸಿ ಒದಗಿಸಿದನು. ತನ್ನ ಜೋಡಿ ಪಿಸ್ತೂಲು ಕೈಸೇರಿದ ಕೆಲದಿನಗಳಲ್ಲೇ, ಅಕ್ಟೋಬರಿನಲ್ಲಿ, ಮೆಕ್ಸಿಕೋದ ವಾಮಾಂಟ್ಲ ಎಂಬಲ್ಲಿ ವಾಕರ್ ಹೋರಾಡುತ್ತ ಮಡಿದನು.

ಇನ್ನು ಏರುಗಾಲ. ಹಾರ್ಟ್‌ಫರ್ಡಿನಲ್ಲಿ ಸ್ವಂತ ಕಾರ್ಖಾನೆ ನೆಲೆಗೊಂಡಿತು. 1849ರಲ್ಲಿ ಎಲಿಷಾ ರೂಟನನ್ನು ಕೇಳಿದಷ್ಟು ಸಂಬಳ ಕೊಟ್ಟು ಕರೆತಂದದ್ದು ಕೋಲ್ಟನ ಜೀವನದ ಅತಿ ದೊಡ್ಡ ಜಾಣತನವೆಂದು ನನ್ನ ಎಣಿಕೆ. ರಿವಾಲ್ವರನ್ನು ಯೋಚಿಸಿದವನು ಕೋಲ್ಟ್. ಅದನ್ನು ಸಾವಿರಗಟ್ಟಲೆ ಹೆರುವ ಯಂತ್ರಗಳನ್ನು ಯೋಚಿಸಿದವನು ರೂಟ್. ಒಬ್ಬ ಕಮ್ಮಾರ ಒಂದು ಪಿಸ್ತೂಲನ್ನು ಮೊದಲಿನಿಂದ ಕೊನೆಯವರೆಗೆ ಮಾಡುವ ಕ್ರಮ ಅಲ್ಲಿ ಮುಗಿಯಿತು. ಒಂದು ಯಂತ್ರ ಒಂದೇ ತೂತು ಕೊರೆಯುತ್ತದೆ, ಇನ್ನೊಂದು ಒಂದೇ ಅಂಚು ಕಡೆಯುತ್ತದೆ. ನಿಂತು ನೋಡಿಕೊಳ್ಳುವವನಿಗೆ ಕೋವಿಯ ಕಸುಬೇ ತಿಳಿದಿರಬೇಕಾಗಿಲ್ಲ. ಯಾವ ಬಿಡಿಭಾಗವಾದರೂ ಯಾವ ಪಿಸ್ತೂಲಿಗಾದರೂ ಕೂಡುತ್ತದೆಂದು ಕೋಲ್ಟ್ ಸಾರುತ್ತಿದ್ದನು. ಕೊನೆಗೆ ಅರ ಹಿಡಿದು ಕೊಂಚ ತಿದ್ದಬೇಕಾಗುತ್ತಿತ್ತೆಂಬುದು ನಿಜ; ವ್ಯಾಪಾರಿಯ ಮಾತಿಗೆ ಅಷ್ಟು ಸೋಡಿ ಬಿಡಬೇಕು.

1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಗಾಜಿನ ಅರಮನೆಯೊಳಗೆ ಅವನ ರಿವಾಲ್ವರುಗಳು ನೂರುಗಟ್ಟಲೆ ಸಾಲಾಗಿ ಕುಳಿತವು. ಅದೇ ವರ್ಷ ನವೆಂಬರಿನಲ್ಲಿ ಅಲ್ಲಿಯ ಎಂಜಿನಿಯರುಗಳ ಸಂಸ್ಥೆಯಲ್ಲಿ ಅವನು ಉಪನ್ಯಾಸ ಓದಿದನು. ಥೇಮ್ಸ್ ದಡದ ಪಿಮ್ಲಿಕೋದಲ್ಲಿ 1853ರಲ್ಲಿ ತೆರೆದ ಅವನ ಕಾರ್ಖಾನೆಯನ್ನು ಕುರಿತು ಡಿಕನ್ಸನ ಪತ್ರಿಕೆ ಕೂಡ ಬರೆಯಿತು. ಇಂಗ್ಲೆಂಡ್ ತನ್ನ ಎನ್‌ಫೀಲ್ಡ್ ಕಾರ್ಖಾನೆಗೆ ಅಮೆರಿಕದಿಂದ ಯಂತ್ರಗಳನ್ನು ತರಿಸಿದುದಕ್ಕೆ ಈ ಅಚ್ಚರಿಯೂ ಒಂದು ಕಾರಣ. ಆದರೆ ಕುದುರೆಯನ್ನು ಎಳೆಯದೆ ಬರಿಯ ಬೆರಳೊತ್ತಿನಿಂದಲೇ ಹಾರುವ ರಿವಾಲ್ವರನ್ನು ರಾಬರ್ಟ್ ಆಡಮ್ಸ್ ಎಂಬ ಆಂಗ್ಲನು ಮಾಡಿದ್ದನು. ಪೈಪೋಟಿಯಲ್ಲಿ ಪಿಮ್ಲಿಕೋ ಹೆಚ್ಚು ದಿನ ಬಾಳಲಿಲ್ಲ. 1857ರಲ್ಲಿ ನಮ್ಮ ದೇಶ ಹೊತ್ತಿ ಉರಿದಾಗ ಆಂಗ್ಲ ಅಧಿಕಾರಿಗಳ ಸೊಂಟದಲ್ಲಿ ಆಡಮ್ಸನದೂ ಇತ್ತು, ಕೋಲ್ಟನದೂ ಇತ್ತು. ಕಲ್ಕತ್ತೆಯ ದಾರಿಯಲ್ಲಿ ಕೆತ್ತಿದ ಮರದ ತುಂಡು ಇಪ್ಪತ್ತೇಳು ವರ್ಷಗಳ ಮೇಲೆ ಉಕ್ಕಾಗಿ ಈ ನೆಲಕ್ಕೆ ಹಿಂದಿರುಗಿತ್ತು.

ಮಾರುವುದರಲ್ಲಿ ಕೋಲ್ಟನನ್ನು ಮೀರಿಸಿದವರಿಲ್ಲ. ಚಿನ್ನದ ಕೆತ್ತನೆಯ ರಿವಾಲ್ವರುಗಳನ್ನು ತುರ್ಕಿಯ ಸುಲ್ತಾನನಿಗೆ ಕಾಣಿಕೆಯಿತ್ತು ರಷ್ಯನ್ನರು ಆಗಲೇ ಕೊಳ್ಳುತ್ತಿದ್ದಾರೆಂದು ತಿಳಿಸಿ, ಅಂಥದನ್ನೇ ರಷ್ಯದ ಚಕ್ರವರ್ತಿಗೂ ಇತ್ತು, ಇಬ್ಬರಿಗೂ ಮಾರಿದನು. ಸನ್ನದಿನ ಅವಧಿಯನ್ನು ಮತ್ತೊಮ್ಮೆ ಬೆಳೆಸಿಕೊಳ್ಳಲು ಶಾಸನಸಭೆಯ ಸದಸ್ಯರಿಗೆ ಪಿಸ್ತೂಲುಗಳನ್ನು ಉಡುಗೊರೆ ಹಂಚಿದ ಸಂಗತಿ 1854ರಲ್ಲಿ ವಿಚಾರಣೆಗೆ ಬಂದಿತು, ಅವಧಿ ಬೆಳೆಯಲಿಲ್ಲ. ಹಿಂದೊಮ್ಮೆ, 1851ರಲ್ಲಿ, ತನ್ನ ಸನ್ನದನ್ನು ಮೀರಿದ ಮ್ಯಾಸಚೂಸೆಟ್ಸಿನ ಕಂಪೆನಿಯೊಂದನ್ನು ನ್ಯಾಯಾಲಯದಲ್ಲಿ ಸೋಲಿಸಿದ್ದವನು, ಪೇಟೆಂಟಿನ ಆಟದಲ್ಲಿ ತಾನೂ ಸೋತನು. ಅವನ ಕಾರ್ಖಾನೆಯಲ್ಲೇ ದುಡಿದಿದ್ದ ರಾಲಿನ್ ವೈಟ್ ಎಂಬವನು ಕುಳಿಗಳನ್ನು ಹಿಂದಿನಿಂದ ಮುಂದಿನವರೆಗೆ ತೂರಿ ಕೊರೆದ ಉರುಳೆಗೆ 1855ರಲ್ಲಿ ಸನ್ನದು ಪಡೆದು, ಅದನ್ನು ಸ್ಮಿತ್ ಮತ್ತು ವೆಸನ್ ಎಂಬ ಜೋಡಿಗೆ ಕೊಟ್ಟನು. ಲೋಹದ ತೋಟಾವನ್ನು ಹಿಂದಿನಿಂದ ತುಂಬುವ ರಿವಾಲ್ವರು 1857ರಲ್ಲಿ ಹೊರಬಂತು. ಮದ್ದು, ಗುಂಡು, ಕೇಪುಗಳನ್ನು ಬೇರೆಬೇರೆಯಾಗಿ ತುಂಬುವ ಕೋಲ್ಟನ ಕ್ರಮ ಅಂದೇ ಮುದಿಯಾಯಿತು. ಆ ಸನ್ನದು 1869ರಲ್ಲಿ ತೀರುವವರೆಗೆ ಕೋಲ್ಟ್ ಕಂಪೆನಿ ಕೈಕಟ್ಟಿ ಕುಳಿತಿರಬೇಕಾಯಿತು. ಚಲನಚಿತ್ರಗಳಲ್ಲಿ ನಾವು ಕಾಣುವ ಹೆಸರಾಂತ ಕೋಲ್ಟ್ ಪಿಸ್ತೂಲು 1873ರದು; ಅದನ್ನು ಕೋಲ್ಟ್ ಕಣ್ಣಿನಿಂದ ಕಂಡವನಲ್ಲ.

ಕನೆಕ್ಟಿಕಟ್ ನದಿಯ ನೆರೆಗೆ ಮುಳುಗುತ್ತಿದ್ದ ಹುಲ್ಲುಗಾವಲನ್ನು ಕೊಂಡು, ಎರಡು ಮೈಲಿಯ ಒಡ್ಡು ಕಟ್ಟಿಸಿ, ಒಡ್ಡಿನ ಮಣ್ಣು ಕುಸಿಯದಂತೆ ನೀರವಂಜಿ ಗಿಡಗಳನ್ನು ನೆಡಿಸಿ, ಅದರ ಕಡ್ಡಿಗಳಿಂದ ಕುರ್ಚಿ ಮೇಜು ಹೆಣೆಸಲು ಜರ್ಮನಿಯಿಂದ ಕುಶಲಿಗಳನ್ನು ಕರೆಸಿ, ಅದರಿಂದಲೂ ಹಣ ಮಾಡಿದನು! 1855ರಲ್ಲಿ ಅಲ್ಲಿ ಎದ್ದ ಹೊಸ ಕಾರ್ಖಾನೆಯ ತಲೆಯ ಮೇಲೆ ನಕ್ಷತ್ರಗಳುಳ್ಳ ನೀಲಿಯ ಗುಮ್ಮಟ. ಸುತ್ತ ಕೆಲಸಗಾರರಿಗೆ ಮನೆಗಳು, ಓದಿಗೂ ಸಂಗೀತಕ್ಕೂ ಒಂದು ಭವನ, ದಿನಕ್ಕೆ ಹತ್ತೇ ಗಂಟೆ ಕೆಲಸ. ಆ ಕಾಲಕ್ಕೆ ಇದು ಔದಾರ್ಯವೇ.

1856ರ ಜೂನಿನಲ್ಲಿ, ನಲವತ್ತೆರಡಕ್ಕೆ ಸಮೀಪಿಸಿದ್ದ ಕೋಲ್ಟ್ ಪಾದ್ರಿಯೊಬ್ಬನ ಮಗಳಾದ ಎಲಿಜಬೆತ್ ಜಾರ್ವಿಸಳನ್ನು ವರಿಸಿದನು. ಮಾಸ್ಕೋದಲ್ಲಿ ಎರಡನೆಯ ಅಲೆಕ್ಸಾಂಡರನ ಪಟ್ಟಾಭಿಷೇಕವನ್ನು ನವದಂಪತಿಗಳು ಹೋಗಿ ನೋಡಿಬಂದರು. ‘ಆರ್ಮ್ಸ್‌ಮಿಯರ್’ ಎಂಬ ಸೌಧ ಎದ್ದಿತು. ಆದರೆ ತೊಟ್ಟಿಲು ತುಂಬಿ ನಿಲ್ಲಲಿಲ್ಲ; ಹುಟ್ಟಿದ ಮಕ್ಕಳು ಒಂದೊಂದಾಗಿ ಕಣ್ಮುಚ್ಚಿದವು. ಕಾಲ್ಡ್‌ವೆಲ್ ಎಂಬ ಒಬ್ಬ ಮಗ ಮಾತ್ರ ದೊಡ್ಡವನಾದನು.

ಗುಲಾಮಗಿರಿಯ ಕಲಹದಲ್ಲಿ ದೇಶ ಇಬ್ಭಾಗವಾಗುವ ಹೊತ್ತಿನಲ್ಲಿ ದಕ್ಷಿಣದವರಿಗೂ ಉತ್ತರದವರಿಗೂ ಕೋಲ್ಟ್ ಸಮದೃಷ್ಟಿಯಿಂದ ಮಾರುತ್ತ ಬಂದನು. ದ್ರೋಹವೆಂದು ಉತ್ತರದ ಪತ್ರಿಕೆಗಳು ಕಿಡಿಕಾರಿದವು. 1861ರ ಏಪ್ರಿಲಿನಲ್ಲಿ ಯುದ್ಧ ತೊಡಗಿದ ಮೇಲೆ ಉತ್ತರದ ಸೇನೆಗೆ ತನ್ನದೇ ಒಂದು ದಳವನ್ನು ಕೂಡಿಸಹೊರಟನು. ಕರ್ನಲ್ ಪದವಿ ಬಂತು, ರಣರಂಗಕ್ಕೆ ಇಳಿಯುವ ಮೊದಲೇ ಹೋಯಿತು. ಗೌಟು ರೋಗ ಬಹುದಿನದಿಂದ ಕಾಡುತ್ತಿತ್ತು. 1862ರ ಜನವರಿ 10ರಂದು, ಕಾರ್ಖಾನೆ ಹಗಲಿರುಳೂ ನಡೆಯುತ್ತಿರುವಾಗಲೇ, ನಲವತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡನು. ಬಿಟ್ಟುಹೋದ ಆಸ್ತಿಯ ಬೆಲೆ ಒಂದೂವರೆ ಕೋಟಿ ಡಾಲರ್ ಎಂದು ಎಣಿಸಿದ್ದಾರೆ.

1864ರ ಫೆಬ್ರವರಿಯಲ್ಲಿ ಕಾರ್ಖಾನೆಗೆ ಬೆಂಕಿ ಬಿದ್ದು ಗುಮ್ಮಟ ಕುಸಿಯಿತು. ವಿಧವೆ ಎಲಿಜಬೆತ್ ಅದನ್ನು ಮತ್ತೆ ಕಟ್ಟಿಸಿದಳು, 1905ರವರೆಗೆ ಬಾಳಿದಳು. ಗಂಡನ ಮತ್ತು ಅಗಲಿದ ಕೂಸುಗಳ ನೆನಪಿಗೆಂದು ಕಾರ್ಖಾನೆಯ ಸಮೀಪದಲ್ಲೇ ಅವಳು ಕಟ್ಟಿಸಿದ ಇಗರ್ಜಿ 1869ರಲ್ಲಿ ಮುಗಿಯಿತು. ಕೆಲಸಗಾರರು ಒಳಹೋಗಲೆಂದು ಇರಿಸಿದ ಬಾಗಿಲವಾಡದ ಕಲ್ಲಿನಲ್ಲಿ ಶಿಲುಬೆಯ ಜೊತೆಗೆ ರಿವಾಲ್ವರಿನ ಉರುಳೆ, ನಳಿಗೆ, ಹಿಡಿಗಳನ್ನೂ, ಒಂದರ ಮೇಲೊಂದು ಓರೆಯಾಗಿಟ್ಟ ಪಿಸ್ತೂಲುಗಳನ್ನೂ ಶಿಲ್ಪಿಗಳು ಕಂಡರಿಸಿದ್ದಾರೆ. ಭಾನುವಾರದ ಪ್ರಾರ್ಥನೆಗೆ ಬಂದ ಕೋಲ್ಟನ ಕೆಲಸಗಾರರು, ವಾರವೆಲ್ಲ ತಾವು ಕಡೆದ ಭಾಗಗಳ ಅಡಿಯಲ್ಲಿಯೇ ತಲೆಬಾಗಿ ಒಳಗೆ ಹೋಗುತ್ತಿದ್ದರು.